ಹೆಣ್ಣುಮಕ್ಕಳ ಆಟ ಮತ್ತು ಮೈಬಣ್ಣದ ಭಯ
(ಶತಮಾನೋತ್ಸವ ವರ್ಷದ ತಾಯಂದಿರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಏಳನೆಯ ತರಗತಿಯವರೆಗೆ ಹುಡುಗರಿಗೆ ಸರಿಸಮನಾಗಿ ಓಡುವ ನಮ್ಮ ಹೆಣ್ಣುಮಕ್ಕಳು ಎಂಟನೆಯ ತರಗತಿಗೆ ಬಂದೊಡನೆ ಬೇವಿನ ಮರದ ನೆರಳಿಗೆ ಸರಿಯುತ್ತಾರೆ. ಕಾರಣ ಕೇಳಿದರೆ ತಲೆ ತಗ್ಗಿಸುತ್ತಾರೆ. ಒತ್ತಾಯಿಸಿದಾಗ ಬರುವ ಉತ್ತರ ಒಂದೇ: "ಆಡಿದ್ರೆ ಕಪ್ಪಾಗ್ತೀಯ ಅಂತ ಅಮ್ಮ ಬೈತಾರೆ, ಟೀಚರ್." ಆದ್ದರಿಂದ ಇಂದು ವ್ಯಾಯಾಮಕ್ಕೂ ಚರ್ಮಕ್ಕೂ ಇರುವ ಸಂಬಂಧವನ್ನು ಕುರಿತು ನಿಮ್ಮೊಡನೆ ಮಾತನಾಡಬಯಸುತ್ತೇವೆ.

ಚರ್ಮಕ್ಕೆ ಮುಖ್ಯವಾಗಿ ಎರಡು ಪದರಗಳಿವೆ. ಕಣ್ಣಿಗೆ ಕಾಣುವುದು ಹೊರಪದರ; ಅದನ್ನು ಹೊತ್ತು ನಿಂತಿರುವುದು ಒಳಪದರ. ಈ ಒಳಪದರದಲ್ಲಿ ಕೊಲಾಜೆನ್ ಎಂಬ ಎಳೆಗಳು ಹಾಸುಹೊಕ್ಕಾಗಿ ಹೆಣೆದುಕೊಂಡಿರುತ್ತವೆ. ನೇಕಾರರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆ ಸಡಿಲವಾದರೆ ಬಟ್ಟೆ ಜೋತುಬೀಳುತ್ತದೆ. ವಯಸ್ಸಾದಂತೆ ಈ ಎಳೆಗಳು ಸವೆಯುತ್ತವೆ, ಒಳಪದರ ತೆಳುವಾಗುತ್ತದೆ, ಸುಕ್ಕು ಮೂಡುತ್ತದೆ.

ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಗಮನಾರ್ಹ. ವ್ಯಾಯಾಮದ ಅಭ್ಯಾಸವೇ ಇಲ್ಲದ, 65 ದಾಟಿದ ಕೆಲವರಿಗೆ ವಾರಕ್ಕೆ ಎರಡು ಬಾರಿಯಂತೆ ಮೂರು ತಿಂಗಳು ವ್ಯಾಯಾಮ ಮಾಡಿಸಿ, ಬಿಸಿಲು ತಾಗದ ಭಾಗದ ಚರ್ಮವನ್ನು ಪರೀಕ್ಷಿಸಿದರು. ಹೊರಪದರದ ಮೇಲ್ಭಾಗ ತೆಳುವಾಗಿ, ಒಳಪದರ ದಪ್ಪವಾಗಿ, ಆ ಚರ್ಮ ಹರೆಯದವರ ಚರ್ಮವನ್ನು ಹೋಲುತ್ತಿತ್ತು. ದುಡಿಯುವ ಸ್ನಾಯುಗಳು ರಕ್ತಕ್ಕೆ ಬಿಡುವ ಐಎಲ್-15 ಎಂಬ ಪದಾರ್ಥಕ್ಕೆ ಇದರಲ್ಲಿ ಪಾಲಿದೆ ಎಂದು ಅವರು ಕಂಡರು. ಪ್ರಯೋಗ ಚಿಕ್ಕದು, ನಿಜ. ಆದರೆ 2023ರಲ್ಲಿ ಜಪಾನಿನಲ್ಲಿ ನಡುವಯಸ್ಸಿನ ಹೆಂಗಸರ ಮೇಲೆ 16 ವಾರ ನಡೆದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತು. ಓಟದಂಥ ವ್ಯಾಯಾಮದಿಂದಲೂ ಭಾರ ಎತ್ತುವುದರಿಂದಲೂ ಚರ್ಮದ ಬಿಗಿ ಹೆಚ್ಚಿತು. ಒಳಪದರ ದಪ್ಪವಾದದ್ದು ಮಾತ್ರ ಭಾರ ಎತ್ತಿದವರಲ್ಲಿ. ನೀರಿನ ಬಿಂದಿಗೆ ಹೊತ್ತ ನಮ್ಮ ಅಜ್ಜಿಯಂದಿರು ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು.

ಈ ಸೀಮೆಯ ಅನೇಕ ಕನ್ನಡ ಮನೆಗಳು ದೇವಾಂಗ ನೇಕಾರರವು. ಕುಳಿಮಗ್ಗದಲ್ಲಿ ಕೂತರೂ ಕಾಲು ತುಳಿಯುತ್ತಿತ್ತು, ಕೈ ಲಾಳಿಯನ್ನು ಓಡಿಸುತ್ತಿತ್ತು. ಇಂದು ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಕೆಲಸ ಹಗುರವಲ್ಲ, ಆದರೂ ಮೈಗೆ ಚಲನೆಯಿಲ್ಲ. ಅವರ ಮಗಳೂ ಶಾಲೆಯಲ್ಲಿ ಕೂತೇ ಇದ್ದರೆ ಹೇಗೆ?

ಇನ್ನು ಬಿಸಿಲಿನ ಮಾತು. ತಾಯಂದಿರ ಆತಂಕವನ್ನು ನಾವು ಅಲ್ಲಗಳೆಯುವುದಿಲ್ಲ. ನಡುಹಗಲಿನ ಬಿಸಿಲು ಕೊಲಾಜೆನ್ ಎಳೆಗಳನ್ನು ಕೆಡಿಸುತ್ತದೆ. ವ್ಯಾಯಾಮ ಮಾಡಿದ ಮಾತ್ರಕ್ಕೆ ಅದರಿಂದ ವಿನಾಯಿತಿ ಸಿಗದು. ಪಾಲಕ್ಕಾಡ್ ಕಣಿವೆಯಿಂದ ಬೀಸುವ ಗಾಳಿ ಪಲ್ಲಡಂ ಕಡೆ ಬರುವಷ್ಟರಲ್ಲಿ ಒಣಗಿರುತ್ತದೆ, ಮೈ ಬಿರಿಯುತ್ತದೆ. ಆದರೆ ಬಿಸಿಲಿಗೆ ಮೈ ಕಪ್ಪಾಗುವುದು ರೋಗವಲ್ಲ. ಚರ್ಮವು ಮೆಲನಿನ್ ಎಂಬ ವರ್ಣಕವನ್ನು ಹೆಚ್ಚಿಸಿಕೊಂಡು ತನ್ನನ್ನು ತಾನೇ ಕಾಯ್ದುಕೊಳ್ಳುವ ಬಗೆ ಅದು. 1975ರಿಂದ ನಮ್ಮ ದೇಶದಲ್ಲಿ ಮಾರಾಟವಾಗುತ್ತಿದ್ದ ಬಿಳುಪಿನ ಕ್ರೀಮ್ ಒಂದು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬ ಪದವನ್ನು ಕೈಬಿಟ್ಟಿತು. ಡಬ್ಬಿಯ ಮೇಲಿನ ಮಾತು ಅಳಿಯಿತು, ಮನೆಯೊಳಗಿನ ಮಾತು ಉಳಿದಿದೆ. ಹದಿಮೂರು ವರ್ಷದ ಮಗುವಿನ ಓಟವನ್ನು ಮುಂದೆಂದೋ ಬರಲಿರುವ ವರನ ಕಡೆಯವರಿಗಾಗಿ ನಿಲ್ಲಿಸುವುದನ್ನು ನಾವು ಒಪ್ಪಲಾರೆವು.

ಆದಕಾರಣ ಶಾಲೆಯಲ್ಲಿ ಕೆಲವು ಬದಲಾವಣೆಗಳನ್ನು ಮಾಡಿದ್ದೇವೆ. ಎಂಟರಿಂದ ಹತ್ತನೆಯ ತರಗತಿಯ ಹೆಣ್ಣುಮಕ್ಕಳ ಆಟದ ಅವಧಿ ಇನ್ನು ಮುಂದೆ ಮಧ್ಯಾಹ್ನವಲ್ಲ, ಬೆಳಗಿನ ಮೊದಲ ಗಂಟೆ. ತುಂಬುತೋಳಿನ ಸಡಿಲ ಹತ್ತಿಯ ಅಂಗಿಗೆ ಅನುಮತಿಯಿದೆ. ಹತ್ತಿಯ ಬಟ್ಟೆಗೆ ತಿರುಪ್ಪೂರಿನವರು ಪರದೇಶಕ್ಕೆ ಹೋಗಬೇಕೇ? ಬೆವರಿದ ಬಟ್ಟೆಯಲ್ಲೇ ಇದ್ದರೆ ಹುಳುಕಡ್ಡಿ ಬರುತ್ತದೆಯಾದ್ದರಿಂದ ಬದಲಿ ಅಂಗಿಯೊಂದನ್ನು ಚೀಲದಲ್ಲಿಟ್ಟು ಕಳುಹಿಸಿರಿ. ಕೈಕಾಲು ತೊಳೆಯಲು ಕೊಳಾಯಿಯ ಬಳಿ ಮರೆ ಕಟ್ಟಿಸಿದ್ದೇವೆ.

ಶತಮಾನೋತ್ಸವದ ಕ್ರೀಡಾಕೂಟದಲ್ಲಿ ಹುಡುಗಿಯರ ಖೋಖೋ ತಂಡಕ್ಕೆ ಇನ್ನೂ ನಾಲ್ವರು ಬೇಕಾಗಿದ್ದಾರೆ. ಒಪ್ಪಿಗೆ ಪತ್ರಗಳು ಹೊರಬಾಗಿಲ ಬಳಿಯ ಮೇಜಿನ ಮೇಲಿವೆ. ತಾಯಂದಿರಿಗಾಗಿ ವೇಗದ ನಡಿಗೆಯ ಸ್ಪರ್ಧೆಯೂ ಇದೆ. ಅದಕ್ಕೂ ಅಲ್ಲಿಯೇ ಹೆಸರು ಬರೆಯಿಸಬಹುದು.