ಕಂಡೊಡನೆ ಹೇಳುವವರು

ಆಟದ ಅಂಗಳದಲ್ಲಿ ಯಾವ ಪಕ್ಷಕ್ಕೂ ಸೇರದವರೆಂದರೆ ತೀರ್ಪುಗಾರರು. ಗೆದ್ದವರು ಅವರನ್ನು ನೆನೆಯುವುದಿಲ್ಲ, ಸೋತವರು ಮರೆಯುವುದಿಲ್ಲ. ಇಂಥ ಕೆಲಸಕ್ಕೆ ಹೆಂಗಸೊಬ್ಬಳು ನಿಂತಳೆಂದರೆ ಅವಳ ಒಂಟಿತನ ಇಮ್ಮಡಿ. ನಮ್ಮ ಭಾಷೆಯನ್ನೇ ನೋಡಿ: ಹಾಡುಗಾರ್ತಿ, ಮಾತುಗಾರ್ತಿ ಎಂಬ ಪದಗಳು ನಾಲಿಗೆಗೆ ಸಲೀಸು, ‘ತೀರ್ಪುಗಾರ್ತಿ’ ಎಂದರೆ ಇಂದಿಗೂ ಕಿವಿ ತುಸು ನಿಮಿರುತ್ತದೆ.

ಆದರೆ ಅಂಗಳ ಭಾಷೆಗಿಂತ ಮುಂದೆ ನಡೆದಿದೆ. 2019ರಲ್ಲಿ ನಮ್ಮ ದೇಶದ ಜಿ. ಎಸ್. ಲಕ್ಷ್ಮಿಯವರು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಮೊದಲ ಮಹಿಳಾ ಮ್ಯಾಚ್ ರೆಫರಿಯಾದರು. 2022ರ ಡಿಸೆಂಬರ್ 1ರಂದು ಕತಾರಿನಲ್ಲಿ, ಪುರುಷರ ವಿಶ್ವಕಪ್ ಫುಟ್‌ಬಾಲಿನ ಜರ್ಮನಿ-ಕೋಸ್ಟರಿಕಾ ಪಂದ್ಯವನ್ನು ಫ್ರಾನ್ಸಿನ ಸ್ಟೆಫನಿ ಫ್ರಾಪಾರ್ ನಡೆಸಿಕೊಟ್ಟರು; ಗೆರೆಯ ಬಳಿ ಬಾವುಟ ಹಿಡಿದು ನಿಂತವರು ಬ್ರೆಜಿಲಿನ ನ್ಯೂಜಾ ಬಾಕ್ ಹಾಗೂ ಮೆಕ್ಸಿಕೋದ ಕರೆನ್ ಡಿಯಾಸ್. ಮರುತಿಂಗಳು, 2023ರ ಜನವರಿಯಲ್ಲಿ, ವೃಂದಾ ರಾಠಿ, ಎನ್. ಜನನಿ, ಗಾಯತ್ರಿ ವೇಣುಗೋಪಾಲನ್ ಈ ಮೂವರು ರಣಜಿ ಪಂದ್ಯಗಳಿಗೆ ಅಂಪೈರುಗಳಾಗಿ ಇಳಿದರು. ಒಬ್ಬಳು ಬಂದರೆ ಅದು ಸುದ್ದಿ. ಮೂವರು ಬಂದರೆ ಅದು ಬಳಗ.

ಆ ಬಳಗದ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಅವಳು ಕಬಡ್ಡಿ ಪಂದ್ಯಗಳ ತೀರ್ಪುಗಾರ್ತಿ. ಊರೂರು ತಿರುಗುವ ಈ ಹೆಂಗಸರು ತಂಗುವುದು ಒಂದೇ ಕೋಣೆಯಲ್ಲಿ. ಮನಸ್ಸು ಬಿಚ್ಚಿ ಮಾತನಾಡುವುದು ದೀಪ ಆರಿಸಿದ ಮೇಲೆ. ಅಂಥ ಒಂದು ರಾತ್ರಿ, ತನ್ನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿದೆಯೆಂದೂ, ನೋವೇನೂ ಇಲ್ಲವಾದ್ದರಿಂದ ಪಂದ್ಯಾವಳಿ ಮುಗಿದ ಮೇಲೆ ನೋಡಿದರಾಯಿತೆಂದೂ ಅವಳು ಅಂದಳಂತೆ. ಪಕ್ಕದ ಹಾಸಿಗೆಯ ಹಿರಿಯಾಕೆ ಎದ್ದು ಕುಳಿತು, “ಗೆರೆ ದಾಟಿದ್ದು ಕಣ್ಣಿಗೆ ಬಿದ್ದ ಮೇಲೆ ಆಟ ಮುಗೀಲಿ ಅಂತ ಕಾಯ್ತೀಯೇನೇ?” ಎಂದು ಕೇಳಿದರಂತೆ. ಮರುದಿನ ಅವಳ ಪಾಳಿಯನ್ನು ತಾವು ಹೊತ್ತು, ಇನ್ನೊಬ್ಬಳನ್ನು ಜೊತೆಮಾಡಿ ಆಸ್ಪತ್ರೆಗೆ ಕಳುಹಿಸಿದರು. ಅದು ಕ್ಯಾನ್ಸರೇ ಆಗಿತ್ತು. ಆದರೆ ಇನ್ನೂ ಆರಂಭದ ಹಂತ. ಚಿಕಿತ್ಸೆಯ ತಿಂಗಳುಗಳಲ್ಲಿ ಗೆಳತಿಯರು ಸರದಿಯ ಮೇಲೆ ಅವಳ ಜೊತೆಗಿದ್ದರು. ಈಗ ಅವಳು ಮತ್ತೆ ಸೀಟಿ ಹಿಡಿದಿದ್ದಾಳೆ.

ಸಾವಿರ ಜನರ ನಡುವೆ ತಪ್ಪನ್ನು ತಪ್ಪೆಂದು ಸಾರುವ ಹೆಣ್ಣೂ ತನ್ನ ಒಡಲ ವಿಷಯದಲ್ಲಿ ಮೌನಿಯಾಗುತ್ತಾಳೆ. ಮೂವತ್ತು ವರ್ಷ ಹಳಗನ್ನಡ ಕಾವ್ಯದ ಪಾಠ ಹೇಳಿದವಳು ನಾನು. ನಮ್ಮ ಕವಿಗಳು ಸ್ತನವನ್ನು ಹೊನ್ನ ಕಲಶಕ್ಕೆ ಹೋಲಿಸಿ ದಣಿಯಲಿಲ್ಲ. ಕಾವ್ಯದಲ್ಲಿ ಇಷ್ಟು ಸಲೀಸಾದ ಆ ಹೆಸರು ವೈದ್ಯರೆದುರು ಮಾತ್ರ ಗಂಟಲಲ್ಲೇ ಉಳಿಯುತ್ತದೆ. ಈ ಸಂಕೋಚಕ್ಕೆ ತೆರುವ ಬೆಲೆ ಸಣ್ಣದಲ್ಲ. 2022ರೊಂದರಲ್ಲೇ ಭಾರತದಲ್ಲಿ ಸುಮಾರು 1,92,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತೆಂದೂ, ಸುಮಾರು 98,000 ಮಂದಿ ಅದರಿಂದ ತೀರಿಕೊಂಡರೆಂದೂ ಅಂದಾಜು.

ಪರಿಹಾರ ನಮ್ಮ ಕೈಗೆ ಮೀರಿದ್ದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ, ಆ ನಗರದ ಕೊಳೆಗೇರಿಗಳ ಒಂದೂವರೆ ಲಕ್ಷ ಮಹಿಳೆಯರ ನಡುವೆ ಇಪ್ಪತ್ತು ವರ್ಷಗಳ ಅಧ್ಯಯನ ನಡೆಸಿದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದಲೇ ಪರೀಕ್ಷಿಸಿದರು. ಹಾಗೆ ಪರೀಕ್ಷೆಗೊಳಗಾದವರ ಪೈಕಿ 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇಕಡಾ 30ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ವರದಿಯಾಯಿತು. ಹೆಣ್ಣಿನ ಪಳಗಿದ ಕೈ ಇನ್ನೊಂದು ಹೆಣ್ಣಿಗೆ ಮಾಡಬಹುದಾದ ಉಪಕಾರವಿದು.

ಸ್ತನದಲ್ಲಾಗಲಿ ಕಂಕುಳಲ್ಲಾಗಲಿ ಗಂಟು, ಚರ್ಮದಲ್ಲಿ ಕುಳಿ, ಒಳಸರಿದ ತೊಟ್ಟು, ತೊಟ್ಟಿನಿಂದ ರಕ್ತ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ, ನಿಜ. ಆದರೆ ಆ ತೀರ್ಪು ಕೊಡಬೇಕಾದವರು ನಾವಲ್ಲ. ನೋವಿಲ್ಲವೆಂಬ ಸಮಾಧಾನವೂ ಬೇಡ. ಆರಂಭದಲ್ಲಿ ನೋಯಿಸದಿರುವುದೇ ಈ ರೋಗದ ಮೋಸ.

ಸಹೋದರಿಯರೇ, ಗೆಳತಿಯನ್ನು ಸಂತೈಸುವುದು ಸುಲಭ. ಅವಳಿಗೆ ಹಿತವಾಗದ ಮಾತನ್ನು ಕಂಡೊಡನೆ ಹೇಳಿ, ಹೇಳಿದ ಮೇಲೆ ಆಸ್ಪತ್ರೆಯ ಬಾಗಿಲವರೆಗೂ ಅವಳ ಜೊತೆಗೆ ನಡೆಯುವುದು ಕಷ್ಟ. ಸ್ನೇಹವೆಂಬುದು ಆ ಕಷ್ಟದ ಹೆಸರು.