ಪುಸ್ತಕ ಮುಚ್ಚು, ಈಗ ಹೇಳು ನೋಡೋಣ

ಇವತ್ತಿನ ಮಾತು ಮಕ್ಕಳ ಓದಿನ ಬಗ್ಗೆ. ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ. ಮಗಳು ಏಳನೇ ಕ್ಲಾಸು, ಸಿಬಿಎಸ್‌ಇ. ನಿಮ್ಮಲ್ಲಿ ಸುಮಾರು ಜನರ ಮನೆ ಕಥೆಯೂ ಇದೇ ಇರುತ್ತೆ: ಶಾಲೆಯಲ್ಲಿ ಇಂಗ್ಲಿಷು, ಸೊಸೈಟಿಯಲ್ಲಿ ಆಡುವಾಗ ಹಿಂದಿ, ಮನೆಯಲ್ಲಿ ಕನ್ನಡ. ಪರೀಕ್ಷೆ ಹತ್ತಿರ ಬಂತು ಅಂದ್ರೆ ನಾವೆಲ್ಲ ಕೇಳೋದು ಒಂದೇ ಪ್ರಶ್ನೆ, “ಎಷ್ಟು ಹೊತ್ತು ಓದಿದೆ?” ಆ ಪ್ರಶ್ನೆಯನ್ನ ಬದಲಾಯಿಸೋಣ ಅಂತ ಹೇಳೋಕೆ ಇವತ್ತು ಕೂತಿದ್ದೀನಿ.

ನಮ್ಮ ಕೆಲಸದಿಂದಲೇ ಒಂದು ಉದಾಹರಣೆ ತಗೊಳ್ಳಿ. ಹೊಸ ಫ್ರೇಮ್‌ವರ್ಕ್ ಕಲಿಯೋಕೆ ಎರಡು ಗಂಟೆ ಟ್ಯುಟೋರಿಯಲ್ ನೋಡ್ತೀವಿ. ನೋಡುವಾಗ ಎಲ್ಲಾ ಅರ್ಥ ಆಗ್ತಾ ಇರುತ್ತೆ. ಆಮೇಲೆ ಖಾಲಿ ಎಡಿಟರ್ ತೆರೆದು ಕೂತರೆ ಮೊದಲ ಸಾಲೇ ಬರೋದಿಲ್ಲ. ಮಕ್ಕಳ ಓದೂ ಹಾಗೇನೇ. ಪಾಠವನ್ನ ಮೂರು ಸಲ ಓದಿ, ಹಳದಿ ಹೈಲೈಟರ್‌ನಲ್ಲಿ ಗೆರೆ ಎಳೆದರೆ ಪುಟ ಪರಿಚಯ ಆಗುತ್ತೆ. ಪರಿಚಯ ಆಗಿದ್ದನ್ನ ಮಗು ಕಲಿತಿದ್ದು ಅಂದ್ಕೊಳ್ಳುತ್ತೆ. ಪರೀಕ್ಷೆ ಹಾಲ್‌ನಲ್ಲಿ ಆ ಪುಟ ಇರೋದಿಲ್ಲ.

ಇದನ್ನ ಅಳೆದು ನೋಡಿದ್ದಾರೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಠ್ಯ ಓದಿಸಿದರು. ಆಮೇಲೆ ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ಪಠ್ಯ ನೋಡದೆ ನೆನಪಾದದ್ದನ್ನ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಸ್ವಲ್ಪ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು: ನೋಡದೆ ಬರೆದವರಿಗೆ ಶೇ. 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ. 42. ರಾತ್ರಿ ಓದಿದ್ದು ರಾತ್ರಿಯೇ ಚೆನ್ನಾಗಿ ನೆನಪಿತ್ತು, ಆದರೂ ಪರೀಕ್ಷೆ ದಿನ ಯಾಕೆ ಹೋಯ್ತು ಅಂತ ಮಕ್ಕಳು ಅಳೋದಕ್ಕೆ ಇಲ್ಲೊಂದು ಕಾರಣ ಇದೆ.

ನಮ್ಮ ಹಿರಿಯರ ಹತ್ತಿರ ಇದಕ್ಕೊಂದು ಪದ ಇತ್ತು: ಒಪ್ಪಿಸೋದು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸಬೇಕು, ಪದ್ಯ ಒಪ್ಪಿಸಬೇಕು. ಅದರಲ್ಲಿ ಪುಸ್ತಕ ಮುಚ್ಚಿಡೋ ಭಾಗ ಸರಿಯಾಗೇ ಇತ್ತು. ಅರ್ಥ ಗೊತ್ತಿಲ್ಲದೆ ಗಿಳಿಪಾಠ ಒಪ್ಪಿಸಿದರೂ ನಡೀತಿತ್ತು ಅನ್ನೋದೇ ಕೊರತೆ. ಆ ಕೊರತೆ ತುಂಬೋಕೆ ನಮ್ಮ ಕೈಯಲ್ಲಿ ಒಂದು ಒಳ್ಳೆ ಸಾಧನ ಇದೆ, ಕನ್ನಡ.

ಮಗಳು ಫೋಟೋಸಿಂಥೆಸಿಸ್ ಪಾಠ ಓದಿದ್ದಾಳೆ ಅಂದ್ಕೊಳ್ಳಿ. ಇಂಗ್ಲಿಷಲ್ಲಿ ಕೇಳಿದರೆ ಪುಸ್ತಕದ ವಾಕ್ಯವನ್ನ ಹಾಗೇ ಹೇಳಿಬಿಡ್ತಾಳೆ. “ಕನ್ನಡದಲ್ಲಿ ಹೇಳು ಪುಟ್ಟಿ” ಅಂದರೆ ಬಾಯಿಪಾಠದ ವಾಕ್ಯ ಕೆಲಸಕ್ಕೆ ಬರೋದಿಲ್ಲ. “ಎಲೆ ಬಿಸಿಲು ತಗೊಂಡು, ನೀರು, ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಸೇರಿಸಿ, ತನಗೆ ತಾನೇ ಅಡುಗೆ ಮಾಡ್ಕೊಳ್ಳುತ್ತೆ” ಅನ್ನಬೇಕಾದರೆ ಅರ್ಥ ಆಗಿರಲೇಬೇಕು. ಎಲ್ಲಿ ತಡವರಿಸ್ತಾಳೋ ಅಲ್ಲಿ ಮತ್ತೆ ಓದಬೇಕು. ಪರೀಕ್ಷೆ ಇಂಗ್ಲಿಷಲ್ಲೇ ಇರೋದರಿಂದ ಕೊನೆಗೆ ಅದನ್ನೇ ನಾಲ್ಕು ಸಾಲು ಇಂಗ್ಲಿಷಲ್ಲಿ ಬರೆಸಿ. ಕನ್ನಡ ಕಲಿಸೋಕೆ ಬೇರೆ ಸಮಯ ಎಲ್ಲಿದೆ ಅಂತ ಕೇಳೋರಿಗೂ ಇದೇ ಉತ್ತರ.

ಇನ್ನೊಂದು ವಿಷಯ, ಅಂತರ. ಕಲಿತದ್ದು ಎಷ್ಟು ಬೇಗ ಮರೆಯುತ್ತೆ ಅಂತ ಜರ್ಮನಿಯ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಬರೆದಿದ್ದಾನೆ. ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಜಾರಿಹೋಗುತ್ತೆ. ಹಾಗಾಗಿ ಭಾನುವಾರ ಒಂದೇ ಪಾಠಕ್ಕೆ ಮೂರು ಗಂಟೆ ಕೂರಿಸೋ ಬದಲು ಅದನ್ನ ಹಂಚಿ. ಶಾಲೆಯಲ್ಲಿ ಪಾಠ ಆದ ದಿನ ಹತ್ತು ನಿಮಿಷ, ಮಾರನೇ ದಿನ ಐದು, ಒಂದು ವಾರ ಬಿಟ್ಟು ಮತ್ತೆ ಐದು. ಚೀಟಿಗಳ ಮೇಲೆ ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ ಬರೆದು ಮೂರು ಡಬ್ಬಿ ಇಟ್ಕೊಳ್ಳಿ: ದಿನಾ ನೋಡೋದು, ಮೂರು ದಿನಕ್ಕೊಮ್ಮೆ ನೋಡೋದು, ವಾರಕ್ಕೊಮ್ಮೆ ನೋಡೋದು. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದರೆ ವಾಪಸ್ ಮೊದಲನೇದಕ್ಕೆ. ಇದು ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯ ಮಾಡಿದ ವಿಧಾನ.

ರಾತ್ರಿ ಒಂಬತ್ತಕ್ಕೆ ಅಮೆರಿಕದ ಕಾಲ್ ಇರುತ್ತೆ, ಯಾರು ಕೇಳೋದು ಅಂತೀರಾ? ಊರಲ್ಲಿರೋ ಅಜ್ಜಿ. ವಿಡಿಯೋ ಕಾಲ್‌ನಲ್ಲಿ “ಊಟ ಆಯ್ತಾ” ಆದ ಮೇಲೆ ಮಾತು ಮುಗಿದುಹೋಗುತ್ತಲ್ಲ, ಅಲ್ಲಿಂದ ಶುರು ಮಾಡಿ. ಮೊಮ್ಮಗಳು ಪಾಠ ಹೇಳಲಿ, ಅಜ್ಜಿ “ಅದ್ಯಾಕೆ ಹಂಗೆ?” ಅಂತ ಕೇಳಲಿ. ವಿಷಯ ಗೊತ್ತಿಲ್ಲದವರಿಗೆ ಅರ್ಥ ಮಾಡಿಸೋದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಕೊನೆಯದಾಗಿ ಒಂದು ವಿನಂತಿ. ಪುಸ್ತಕ ಮುಚ್ಚಿದಾಗ ಮಗು “ನೆನಪಾಗ್ತಿಲ್ಲ” ಅನ್ನುತ್ತೆ. ಆಗ ಬೈಬೇಡಿ, ಪಕ್ಕದ ಫ್ಲಾಟಿನ ಮಗುವಿನ ಮಾರ್ಕ್ಸ್ ತೆಗೀಬೇಡಿ. ಒಂದು ನಿಮಿಷ ಸುಮ್ಮನೆ ಕಾಯಿರಿ. ನೆನಪಿಸಿಕೊಳ್ಳೋಕೆ ಒದ್ದಾಡೋ ಆ ಒಂದು ನಿಮಿಷದಲ್ಲೇ ಕಲಿಕೆ ಗಟ್ಟಿಯಾಗೋದು. ಬೈದರೆ ಮುಂದಿನ ಸಲ ಮಗು ಗೊತ್ತಿಲ್ಲದ್ದನ್ನ ಮುಚ್ಚಿಡೋಕೆ ಕಲಿಯುತ್ತೆ. ಮನೆಯಿಂದ ದೂರದ ಊರಲ್ಲಿ ಮೂರು ಭಾಷೆ ಸಂಭಾಳಿಸ್ತಿರೋ ಮಕ್ಕಳು ಇವರು. “ಗೊತ್ತಿಲ್ಲ” ಅಂತ ಧೈರ್ಯವಾಗಿ ಹೇಳೋಕೆ ಅವರಿಗೊಂದು ಜಾಗ ಬೇಕು, ಅದು ಮನೆಯೇ ಆಗಿರಲಿ.

ಇವತ್ತು ರಾತ್ರಿ ಒಂದೇ ಪಾಠ, ಹತ್ತೇ ನಿಮಿಷ ಮಾಡಿ ನೋಡಿ.