ಗುಂಬದ ಬೀಗ ಕೈಯಲ್ಲಿರಲಿ

ನಾಲ್ಕು ಚಕ್ರದ ವಾಹನದಲ್ಲಿ ಎಳೆಯುವ ಚಕ್ರಗಳೆಷ್ಟು? ಪ್ರಶ್ನೆ ಸುಲಭವೆಂದು ತೋರಬಹುದು. ಆದರೆ ಅನೇಕ ಪಿಕಪ್ ಲಾರಿಗಳಲ್ಲಿ ಎಳೆಯುವುವು ಹಿಂದಿನ ಎರಡೇ. ಮುಂದಿನವು ಸುಮ್ಮನೆ ಉರುಳುತ್ತವೆ. ಕೆಸರಿನಲ್ಲಿ, ಹಿಮದಲ್ಲಿ ಎರಡರ ಬಲ ಸಾಲದು. ಅದಕ್ಕಾಗಿಯೇ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿಯನ್ನು ಹಾಯಿಸುವ ವಾಹನಗಳು ಬಂದವು.

ಎರಡನೆಯ ಮಹಾಯುದ್ಧದ ಜೀಪು ಇಂಥದು. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮಿಕ್ಕ ಜೀಪುಗಳು ಜನರ ಕೈಗೆ ಬಂದವು. ಒಳ್ಳೆಯ ರಸ್ತೆಯಲ್ಲಿ ಹೋಗುವಾಗಲೂ ಅವುಗಳ ಮುಂದಿನ ಚಕ್ರಗಳು ಅಚ್ಚನ್ನೂ ಹಲ್ಲುಚಕ್ರಗಳನ್ನೂ ವೃಥಾ ತಿರುಗಿಸಿ ಸವೆಸುತ್ತಿದ್ದವು. 1948ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಆರ್ಥರ್ ವಾರ್ನ್ ಎಂಬವರು ಈ ಜೀಪುಗಳಿಗಾಗಿ ಚಕ್ರದ ಗುಂಬಕ್ಕೇ ಒಂದು ಬೀಗವನ್ನು ತಯಾರಿಸತೊಡಗಿದರು. ಬೀಗ ಬಿಚ್ಚಿದರೆ ಚಕ್ರ ಮಾತ್ರ ಉರುಳುತ್ತದೆ, ಅಚ್ಚು ನಿಂತಿರುತ್ತದೆ. ಹಾಕಿದರೆ ಎರಡೂ ಒಂದಾಗಿ ತಿರುಗುತ್ತವೆ. ಇದೇ ಲಾಕಿಂಗ್ ಹಬ್.

ಪ್ರತಿಸಲವೂ ಇಳಿದು ತಿರುಗಿಸುವುದು ಯಾರಿಗೆ ಬೇಕು? ಹೀಗಾಗಿ ತಾನಾಗಿಯೇ ಬೀಗ ಬೀಳುವ ಗುಂಬಗಳು ಹುಟ್ಟಿದವು. ಫೋರ್ಡ್ ರೇಂಜರ್ ಪಿಕಪ್ಪಿನ 1998, 1999ರ ಮಾದರಿಗಳಲ್ಲಿ ನಿರ್ವಾತದ ಸೆಳೆತವೇ ಈ ಕೆಲಸ ಮಾಡುತ್ತಿತ್ತು; ಚಾಲಕ ಕುಳಿತಲ್ಲೇ ಗುಂಡಿ ತಿರುಗಿಸಿದರೆ ಸಾಕು. ಆದರೆ ವರ್ಷಗಳು ಕಳೆದು ಕೊಳವೆ ಬಿರಿದರೆ, ಸೀಲು ಸವೆದರೆ, ಆ ಸೆಳೆತ ಸೋರಿಹೋಗುತ್ತದೆ. ಚಾಲಕನ ಮುಂದೆ ದೀಪವೇನೋ ಹೊತ್ತಿರಬಹುದು, ಗುಂಬದಲ್ಲಿ ಮಾತ್ರ ಬೀಗ ಬಿದ್ದಿರುವುದಿಲ್ಲ. ಅಪಾಯವಿರುವುದು ಇಲ್ಲಿಯೇ. ನಾಲ್ಕರ ಬಲವನ್ನು ನಂಬಿ ಹೆಂಡತಿ ಮಕ್ಕಳೊಡನೆ ಹಿಮದ ಘಟ್ಟ ಹತ್ತುವವನಿಗೆ ದೊರೆಯುವುದು ಎರಡರ ಬಲ!

ಆದುದರಿಂದ ಹಲವರು ಅವನ್ನು ತೆಗೆದು ಕೈಯಿಂದ ತಿರುಗಿಸುವ ಹಬ್ಬುಗಳನ್ನೇ ಹಾಕಿಸುತ್ತಾರೆ. ನೀವೂ ಹಾಕಿಸುವುದಾದರೆ ಕೆಲವು ಮಾತು ನೆನಪಿರಲಿ. ನಿರ್ವಾತದ ಕೊಳವೆಗಳಿದ್ದರೆ ಅವುಗಳ ಬಾಯಿ ಮುಚ್ಚಬೇಕು. ಹಲವು ವಾಹನಗಳಲ್ಲಿ ಬೇರಿಂಗನ್ನು ಹಿಡಿದಿಡುವ ನಟ್ಟನ್ನೂ ಬದಲಿಸಬೇಕಾಗುತ್ತದೆ. ಕೈಪಿಡಿ ಹೇಳಿದಷ್ಟೇ ಅದನ್ನು ಬಿಗಿಯಿರಿ. ಸಡಿಲವಾದರೆ ಚಕ್ರ ಅಲುಗುತ್ತದೆ, ಅತಿಯಾದರೆ ಬೇರಿಂಗ್ ಕಾದು ಕೆಡುತ್ತದೆ. ಬೀಗಕ್ಕೆ ಗ್ರೀಸು ತೆಳ್ಳಗೆ ಸವರಿದರೆ ಸಾಕು. ಗಿಡಿದು ತುಂಬಿದರೆ ಅದು ಚಳಿಗೆ ಗಟ್ಟಿಯಾಗಿ ಬೀಗ ಬೀಳದು.

ಬಳಸುವಾಗ ಎರಡು ಕಡೆಯ ಬೀಗವನ್ನೂ ಹಾಕಿರಿ. ಒಂದನ್ನು ಮರೆತರೆ ಮುಂದಿನ ಅಚ್ಚಿಗೆ ಬಂದ ಶಕ್ತಿಯೆಲ್ಲ ಬೀಗವಿಲ್ಲದ ಕಡೆಗೆ ಹರಿದು ಪೋಲಾಗುತ್ತದೆ. ಕೈಯಿಂದಲೇ ತಿರುಗಿಸಿರಿ, ಇಕ್ಕಳ ಹಾಕಿದರೆ ಹಿಡಿ ಮುರಿದೀತು. ಒಣಗಿದ ಟಾರು ರಸ್ತೆಗೆ ಬಂದೊಡನೆ ಒಳಗಿನ ಸನ್ನೆಯನ್ನು ಎರಡು ಚಕ್ರಕ್ಕೆ ತನ್ನಿರಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುವುದರಿಂದ, ಇಲ್ಲವಾದರೆ ಯಂತ್ರಭಾಗಗಳೆಲ್ಲ ಹಿಂಡಿದಂತಾಗುತ್ತವೆ. ತಿಂಗಳಿಗೊಮ್ಮೆ ಬೀಗ ಹಾಕಿ, ಸನ್ನೆ ಎರಡು ಚಕ್ರದಲ್ಲಿರುವಂತೆಯೇ ಕೆಲವು ಕಿಲೋಮೀಟರು ಓಡಿಸಿರಿ. ನಿಂತೇ ಇದ್ದ ಹಲ್ಲುಚಕ್ರಗಳಿಗೆ ಎಣ್ಣೆ ತಾಗಲಿ.

ಎಲ್ಲಕ್ಕೂ ಮುಖ್ಯವಾದುದು, ಕೆಸರು ಕಂಡೊಡನೆ, ಅದರೊಳಗೆ ಇಳಿಯುವ ಮೊದಲೇ ಬೀಗ ಹಾಕುವುದು. ಹೂತ ಮೇಲೆ ಮೊಳಕಾಲುದ್ದ ಕೆಸರಿನಲ್ಲಿ ಗುಂಬವನ್ನು ತಡಕುವುದು ಸುಖದ ಕೆಲಸವಲ್ಲ. ಶ್ರಮವುಂಟು, ನಿಜ. ಆದರೆ ಬೀಗ ಬಿತ್ತೋ ಇಲ್ಲವೋ ಎಂಬುದು ತಿರುಗಿಸಿದ ಕೈಗೇ ತಿಳಿಯುತ್ತದೆ. ಎರಡು ನಿಮಿಷ ಕೆಳಗಿಳಿಯಲು ಬೇಸರಪಡುವವರು ಈ ಬದಲಾವಣೆಗೆ ಹಣ ಸುರಿಯದಿರುವುದೇ ಮೇಲು.